ನಲವತ್ತೊಂದನೆಯ ಲೋಡು

ನಮ್ಮ ಯಜಮಾನರು ತರಬೇತಿಗೆ ಸೇರುವವರೆಗೂ ನಮ್ಮ ಮನೆಯಲ್ಲಿ ಮಣ್ಣು ಎಂದರೆ ಗುಡಿಸಿ ಹೊರಗೆ ಹಾಕುವ ಪದಾರ್ಥವಾಗಿತ್ತು. ಸೇರಿದ ಮೊದಲನೆಯ ದಿನ ಸಂಜೆಯೇ ಅದಕ್ಕೆ ಬಡ್ತಿ ಸಿಕ್ಕಿತು.

"ಮಣ್ಣು ಅನ್ನಬೇಡ," ಎಂದರು ಇವರು, ಬಾಗಿಲಲ್ಲಿ ನಿಂತು ಚಪ್ಪಲಿ ಕೊಡವುತ್ತಾ. "ನಮೂನೆ ಅನ್ನು."

"ಸರಿ, ನಿಮ್ಮ ಚಪ್ಪಲಿಯಿಂದ ಉದುರಿದ ನಮೂನೇನ ಯಾರು ಗುಡಿಸ್ತಾರೆ?" ಎಂದೆ.

ಮಂಚದ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಇವನು ಸಣ್ಣವನಾಗಿದ್ದಾಗ ಬೊಗಸೆಗಟ್ಟಲೆ ನಮೂನೆ ತಿಂದಿದ್ದಾನೆ. ಆಗ ಯಾರೂ ಕರೆದು ತರಬೇತಿ ಕೊಡಲಿಲ್ಲ," ಎಂದರು.

ಊರ ಅಂಚಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇತ್ತು. ಅದರ ಗೇಟಿನ ಪಕ್ಕದ ಕೋಣೆಯಲ್ಲಿ ಕುಳಿತು ಇವರು ಇಪ್ಪತ್ತೆರಡು ವರ್ಷ ಲಾರಿ, ಟ್ರ್ಯಾಕ್ಟರುಗಳನ್ನು ತೂಕ ಮಾಡಿ ಚೀಟಿ ಬರೆದಿದ್ದರು. ಎರಡು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಬಿಚ್ಚಿಕೊಂಡು ಹೋದರು, ಚಾವಣಿಯ ತಗಡನ್ನೂ ಬಿಚ್ಚಿಕೊಂಡು ಹೋದರು. ಬಿಟ್ಟು ಹೋದದ್ದು ನೇರಳೆ ಬಣ್ಣಕ್ಕೆ ತಿರುಗಿದ ನೆಲವನ್ನು ಮತ್ತು ನಮ್ಮ ಯಜಮಾನರನ್ನು. ಅಂದಿನಿಂದ ಇವರು ಮನೆಯಲ್ಲಿ ಕುಳಿತು ಕಣ್ಣಿಗೆ ಬಿದ್ದದ್ದನ್ನೆಲ್ಲ ಕಣ್ಣಿನಲ್ಲೇ ತೂಗತೊಡಗಿದರು. ಕುಂಬಳಕಾಯಿ, ಒಗೆಯುವ ಬಟ್ಟೆಯ ಗಂಟು, ಬಂದ ನೆಂಟರು. "ಅಂಚೆಯಾಕೆ ಮೂರು ಕಿಲೋ ಇಳಿದಿದ್ದಾಳೆ" ಎಂದು ಆಕೆಯ ಎದುರಿಗೇ ಹೇಳಿ, ಆಕೆ ಒಂದು ವಾರ ಸಂತೋಷವಾಗಿಯೂ ಆಕೆಯ ಗಂಡ ಒಂದು ವಾರ ಮುಖ ಗಂಟಿಕ್ಕಿಕೊಂಡೂ ಇರುವಂತೆ ಮಾಡಿದ್ದರು.

ಹಾಗಿರುವಾಗ ಪರಿಸರ ಇಲಾಖೆಯವರು ಬಂದರು. ಕಾರ್ಖಾನೆಯ ನೆಲದಲ್ಲಿ ವಿಷ ಇಳಿದಿದೆ, ಅದನ್ನು ತೆಗೆಯಬೇಕು, ತೆಗೆಯುವ ಕೆಲಸವನ್ನು ಊರಿನವರಿಗೇ ಕಲಿಸಿ ಅವರಿಂದಲೇ ಮಾಡಿಸುತ್ತೇವೆ ಎಂದರು. ಹನ್ನೆರಡು ದಿನದ ತರಬೇತಿ. ಇಪ್ಪತ್ತು ಜನ, ಹತ್ತು ಜೋಡಿ. ಕೊನೆಗೆ ನಾಲ್ಕು ಜೋಡಿಗೆ ಕೆಲಸ. ಇವರಿಗೆ ಐವತ್ತೊಂದು ವರ್ಷ. ಅರ್ಜಿ ತುಂಬುವಾಗ "ಇದು ಕೈತಪ್ಪಿದ್ರೆ ಇನ್ನು ನನ್ನನ್ನ ಯಾರೂ ಕರೆಯಲ್ಲ" ಎಂದು ಅರ್ಜಿಗೇ ಹೇಳಿದರು. ನಾನು ಪಕ್ಕದಲ್ಲಿದ್ದೆ, ಆದರೆ ಅದು ನನಗೆ ಹೇಳಿದ್ದಲ್ಲ ಎಂದು ತಿಳಿದು ಒಲೆಯ ಕಡೆಗೆ ಹೋದೆ.

ಜೋಡಿಗಳನ್ನು ಮನೆಯ ನಂಬರಿನ ಪ್ರಕಾರ ಮಾಡಿದ್ದರು. ನಮ್ಮದು ಹದಿನೇಳು. ಹದಿನೆಂಟು ನಮ್ಮ ಭಾವನವರದು. ಇಲ್ಲಿಂದ ತೊಂದರೆ ಶುರುವಾಗುತ್ತದೆ.

ಭಾವ ಎಂದರೆ ನನ್ನ ಸ್ವಂತ ಅಕ್ಕನ ಗಂಡ, ಕಾರ್ಖಾನೆಯ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಅಕ್ಕತಂಗಿಯರನ್ನು ಅಕ್ಕಪಕ್ಕದ ಮನೆಗೆ ಕೊಟ್ಟಾಗ ನಮ್ಮ ಅಪ್ಪ "ಕೂಗಿದರೆ ಕೇಳುವಷ್ಟು ದೂರದಲ್ಲಿರ್ತೀರಿ" ಎಂದು ಹಿಗ್ಗಿದ್ದರು. ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಈ ಷಡ್ಡಕರಿಬ್ಬರು ಆರು ವರ್ಷದಿಂದ ಒಂದು ಮಾತೂ ಆಡಿರಲಿಲ್ಲ. ಕಾರಣ, ಒಂದು ಟ್ರ್ಯಾಕ್ಟರ್ ಲೋಡು ಮಣ್ಣು.

ಆರು ವರ್ಷದ ಹಿಂದೆ ಕಾರ್ಖಾನೆಯವರು ಹಿಂಭಾಗದ ಗುಂಡಿ ಅಗೆಸಿ, ತೆಗೆದ ಮಣ್ಣನ್ನು ಬೇಕಾದವರು ಒಯ್ಯಬಹುದು ಎಂದರು. ಪುಕ್ಕಟೆ ಮಣ್ಣು. ಊರಿನಲ್ಲಿ ತಗ್ಗು ಅಂಗಳವಿದ್ದವರೆಲ್ಲ ಸಾಲುಗಟ್ಟಿ ನಿಂತರು. ಪಾಸು ಬರೆಯುವವರು ಇವರು, ಸಾಗಿಸುವವರು ಭಾವ. ಊರಿಗೆಲ್ಲ ಬರೆದುಕೊಟ್ಟು, ಕಟ್ಟಕಡೆಯ ಲೋಡನ್ನು ಇವರು ತಮ್ಮ ಹೆಸರಿಗೇ ಬರೆದುಕೊಂಡು ಮನೆಗೆ ಬಂದು, ಅಂಗಳದಲ್ಲಿ ಗುದ್ದಲಿ ಹಿಡಿದು ಕಾದರು. ಭಾವ ಆ ಲೋಡನ್ನು ತಂದು ತಮ್ಮ ಅಂಗಳಕ್ಕೇ ಸುರಿದುಬಿಟ್ಟರು. ಕೇಳಿದ್ದಕ್ಕೆ "ನಿಮ್ಮ ಮನೆ ಪಕ್ಕದ ಓಣಿಯಲ್ಲಿ ಟ್ರ್ಯಾಕ್ಟರ್ ತಿರುಗಲ್ಲ" ಎಂದರು. ಅವರಿಬ್ಬರ ನಡುವೆ ನಡೆದ ಕಡೆಯ ಮಾತು ಅದೇ.

ಆ ಮಣ್ಣನ್ನು ಧಿಮ್ಮಸು ಹೊಡೆದು ಭಾವ ಒಂದು ಕಟ್ಟೆ ಕಟ್ಟಿಸಿದರು. ನಮ್ಮ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ. ದಿನಾ ಸಂಜೆ ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂರುವರು. ಗೋಡೆಯ ಈಚೆ ಇವರು ತಮ್ಮ ಕುರ್ಚಿಯಲ್ಲಿ ಕುಳಿತು ಕತ್ತೆತ್ತಿ ನೋಡುವರು. "ನನ್ನ ಮಣ್ಣಿನ ಮೇಲೆ ಕೂತಿದ್ದಾನೆ ನೋಡು ಆ ಮನುಷ್ಯ," ಎಂದು ಆರು ವರ್ಷದಲ್ಲಿ ಇವರು ಎಷ್ಟು ಸಲ ಹೇಳಿದರೋ, ನಮ್ಮ ಮಗಳು ಮೊದಲು ಕಲಿತ ಪೂರ್ಣ ವಾಕ್ಯವೇ ಅದು. ಆ ಗೇಟ್ ಪಾಸನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀರುವಿನಲ್ಲಿ ಮನೆಯ ಪತ್ರದ ಜೊತೆಗೆ ಇಟ್ಟಿದ್ದರು.

ಹೀಗಾಗಿ ಮಾತು ಸಾಗಿಸುವ ಕೆಲಸ ನನಗೂ ಅಕ್ಕನಿಗೂ ಬಿತ್ತು. ಇವರು ಗೋಡೆಯ ಪಕ್ಕ ನಿಂತು, "ಅವರ ನಲ್ಲಿ ಸೋರ್ತಿದೆ ಅಂತ ಆ ಮನುಷ್ಯನಿಗೆ ಹೇಳು" ಎನ್ನುವರು. ಭಾವ ಆರಡಿ ದೂರದಲ್ಲಿ ಪತ್ರಿಕೆ ಓದುತ್ತಿರುವರು. ನಾನು ಅಕ್ಕನಿಗೆ ಹೇಳುವೆ. ಅಕ್ಕ ಭಾವನ ಕಡೆ ತಿರುಗಿ, "ನಲ್ಲಿ ಸೋರ್ತಿದೆಯಂತೆ" ಎನ್ನುವಳು. "ಕೇಳಿಸ್ತು ಅಂತ ಹೇಳು," ಎನ್ನುವರು ಭಾವ. ಅದನ್ನೂ ನಾನು ಇವರಿಗೆ ಹೇಳಬೇಕು.

ಇಂಥ ಇಬ್ಬರನ್ನು ಜೋಡಿ ಮಾಡಿದ ಮೇಲೆ ತರಬೇತಿಯ ಮೇಡಂ ಒಂದು ನಿಯಮ ಹೇಳಿದರು. ಕೊಳಕು ನೆಲಕ್ಕೆ ಯಾರೂ ಒಬ್ಬರೇ ಇಳಿಯುವಂತಿಲ್ಲ, ಜೊತೆಗಾರನ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಮಾಸ್ಕ್ ಹಾಕಿದ ಮೇಲೆ ಮಾತು ಕೇಳಿಸುವುದಿಲ್ಲವಾದ್ದರಿಂದ ಎಲ್ಲವೂ ಕೈಸನ್ನೆಯಲ್ಲೇ. ಹೆಬ್ಬೆರಳು ಎತ್ತಿದರೆ ನಾನು ಸರಿಯಾಗಿದ್ದೇನೆ. ಕೈ ತಲೆಯ ಮೇಲಿಟ್ಟರೆ ಸಹಾಯ ಬೇಕು. ಎರಡೂ ಕೈ ಸೊಂಟಕ್ಕೆ ಹಚ್ಚಿದರೆ ಈಗಲೇ ಹೊರಗೆ ಹೋಗೋಣ.

ಉಳಿದ ಒಂಬತ್ತು ಜೋಡಿಗಳು ಮಾಸ್ಕಿನೊಳಗಿಂದಲೇ ಕೂಗಾಡಿ, ಉಸಿರು ಕಟ್ಟಿ, ಗಾಜಿನ ಮೇಲೆ ಹಬೆ ಕೂರಿಸಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಇವರಿಬ್ಬರು ಮಾತ್ರ ಹಂಸಗಳಂತೆ ಓಡಾಡಿದರು. ಒಬ್ಬರು ಕೈ ಚಾಚುವಷ್ಟರಲ್ಲಿ ಇನ್ನೊಬ್ಬರು ಸಲಿಕೆ ಇಡುವರು. ಆರು ವರ್ಷ ಗೋಡೆಯಾಚೆ ಈಚೆ ಕುಳಿತು ಒಬ್ಬರನ್ನೊಬ್ಬರು ಅಷ್ಟು ಗಮನವಿಟ್ಟು ನೋಡಿದ್ದು ವ್ಯರ್ಥವಾಗಿರಲಿಲ್ಲ.

"ನೋಡಿ, ಕೆಲಸ ಅಂದ್ರೆ ಹೀಗಿರಬೇಕು," ಎಂದು ಮೇಡಂ ಎಲ್ಲರನ್ನೂ ನಿಲ್ಲಿಸಿ ಹೇಳಿದರಂತೆ. "ಬೆಳಗ್ಗೆಯಿಂದ ಇವರಿಬ್ಬರು ಒಂದೇ ಒಂದು ಮಾತು ಆಡಿಲ್ಲ!"

"ಆರು ವರ್ಷದಿಂದ ಆಡಿಲ್ಲ ಮೇಡಂ," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

"ಆರು ವರ್ಷದ ಅಭ್ಯಾಸವಾ?" ಎಂದು ಮೇಡಂ ಬೆರಗಾದರು. ಹೆಸರುಗಳ ಮುಂದೆ ಏನೋ ಗುರುತು ಹಾಕಿಕೊಂಡರು.

ಆ ಗುರುತು ಇವರ ತಲೆಗೆ ಹತ್ತಿತು. ಮರುದಿನ ತರಬೇತಿಯಲ್ಲಿ ಕಲಿಸಿದಂತೆ ನಮ್ಮ ಮನೆಯನ್ನೇ ಮೂರು ಭಾಗ ಮಾಡಿದರು. ಅಡುಗೆಮನೆ ಹಸಿರು ವಲಯ, ನಡುಮನೆ ಹಳದಿ, ಬಾಗಿಲಿನಾಚೆ ಇಡೀ ಪ್ರಪಂಚ ಕೆಂಪು. ಬಾಗಿಲಲ್ಲಿ ಮೂರು ಟಬ್ಬು: ಮೊದಲನೆಯದರಲ್ಲಿ ಸೋಪು ನೀರು, ಎರಡನೆಯದರಲ್ಲಿ ಬರಿ ನೀರು, ಮೂರನೆಯದರಲ್ಲಿ ಇನ್ನೂ ಬರಿ ನೀರು. ಬಟ್ಟೆ ನೆನೆಸಲು ನನಗೆ ಒಂದು ಬಕೆಟ್ಟೂ ಉಳಿಯಲಿಲ್ಲ. ಯಾರೇ ಬರಲಿ, ಮೂರರಲ್ಲೂ ಕಾಲು ಅದ್ದಿಯೇ ಒಳಗೆ ಬರಬೇಕು.

ಅಂಚೆಯಾಕೆ ಒಂದು ಕಾಗದ ಕೊಡಲು ಬಂದು, ಕಾಲು ಮೂರು ಸಲ ತೊಳೆಸಿಕೊಂಡು, ಒರೆಸಿಕೊಂಡು, ಒಳಗೆ ಬಂದು ನೋಡಿದರೆ ಕಾಗದ ಪಕ್ಕದ ಮನೆಯದು. ಮರುದಿನದಿಂದ ಆಕೆ ರಸ್ತೆಯಲ್ಲೇ ನಿಂತು ನಮ್ಮ ಕಾಗದಗಳನ್ನು ಎಸೆಯತೊಡಗಿದಳು. ಆಕೆ ಎಸೆಯುವುದನ್ನು ಕಂಡ ಎದುರುಮನೆಯವರು, "ಆ ಮನೆಗೆ ಏನೋ ಅಂಟಿದೆಯಂತೆ, ಒಳಗೆ ಹೋಗಬಾರದಂತೆ" ಎಂದರು. ಎರಡು ದಿನದಲ್ಲಿ ಬೀದಿಯ ಮಕ್ಕಳು ನಮ್ಮ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ಓಡತೊಡಗಿದವು. ನಮ್ಮ ಮಗಳೂ ಅವರ ಜೊತೆ ಸೇರಿ ಉಸಿರು ಹಿಡಿದು ಓಡಿ ಬಂದು, ನಂತರ ಒಳಗೆ ಊಟಕ್ಕೆ ಕೂರುತ್ತಿದ್ದಳು.

ಊಟಕ್ಕೆ ಕೂತಾಗಲೂ ಇವರು ಮಾತಾಡುತ್ತಿರಲಿಲ್ಲ. ಕೈ ತಲೆಯ ಮೇಲಿಟ್ಟರೆ ನೀರು ಬೇಕು ಎಂದು ಅರ್ಥ ಮಾಡಿಕೊಳ್ಳಬೇಕಿತ್ತು.

"ತಲೆಗೆ ಏನಾದ್ರೂ ಆಗಿದ್ಯೇನೋ?" ಎಂದರು ಅತ್ತೆ.

ಇವರು ಹೆಬ್ಬೆರಳು ಎತ್ತಿ ಎಲ್ಲ ಸರಿಯಾಗಿದೆ ಎಂದು ತೋರಿಸಿದರು.

ಏಳನೆಯ ದಿನ ಮೇಡಂ ಒಂದು ಅಭ್ಯಾಸ ಕೊಟ್ಟರು. ಪ್ರತಿ ಜೋಡಿಯೂ ತಮ್ಮ ಬೀದಿಯ ಎಲ್ಲಿಂದಾದರೂ ಒಂದು ನಮೂನೆ ಕ್ರಮವಾಗಿ ತೆಗೆದು, ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ ತರಬೇಕು, ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಇವರು ಕೈ ಎತ್ತಿ ಕೇಳಿದರಂತೆ: "ಮೇಡಂ, ಒಂದು ಮಣ್ಣು ಕಾರ್ಖಾನೆಯಿಂದ ಬಂದದ್ದೋ ಅಲ್ಲವೋ ಅಂತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ?"

"ಖಂಡಿತ ಗೊತ್ತಾಗುತ್ತೆ."

"ಎಷ್ಟು ವರ್ಷ ಆಗಿದ್ರೂ?"

"ಎಷ್ಟು ವರ್ಷ ಆಗಿದ್ರೂ."

ಅಂದು ಇವರು ಮನೆಗೆ ಬಂದ ನಡಿಗೆಯೇ ಬೇರೆ. ಆರು ವರ್ಷದಿಂದ ಯಾವ ನ್ಯಾಯಸ್ಥಾನಕ್ಕೂ ಹೋಗದೆ ಬಾಕಿ ಉಳಿದಿದ್ದ ವ್ಯಾಜ್ಯವನ್ನು ವಿಜ್ಞಾನವೇ ತೀರ್ಮಾನಿಸಲಿತ್ತು. ಪಾಸಿನಲ್ಲಿ ಕಾರ್ಖಾನೆಯ ಮಣ್ಣು ಎಂದಿದೆ. ಕಟ್ಟೆಯಲ್ಲಿರುವುದು ಕಾರ್ಖಾನೆಯ ಮಣ್ಣೇ ಎಂದು ಸರ್ಕಾರದ ಮೊಹರು ಬಿದ್ದರೆ, ಅಲ್ಲಿಗೆ ಮುಗಿಯಿತು. "ಆ ಮನುಷ್ಯನ ಕಟ್ಟೆಯಿಂದ ನಮೂನೆ ತೆಗೀಬೇಕು ಅಂತ ನಿಮ್ಮಕ್ಕನಿಗೆ ಹೇಳು," ಎಂದರು.

ಹೇಳಿದೆ. ಉತ್ತರ ಬಂತು. "ತಗೊಳ್ಳಲಿ. ಈ ಊರಲ್ಲಿ ಇಷ್ಟು ಗಟ್ಟಿ ಮಣ್ಣು ಇನ್ಯಾರ ಹತ್ರವೂ ಇಲ್ಲ, ಅದೂ ಬರವಣಿಗೆಯಲ್ಲಿ ಬರಲಿ. ಆದರೆ ಒಂದು ಡಬ್ಬಿಗಿಂತ ಜಾಸ್ತಿ ತಗೊಂಡ್ರೆ ವಾಪಸ್ಸು ತಂದು ಹಾಕಬೇಕು ಅಂತ ಹೇಳು."

ಇಬ್ಬರೂ ತರಬೇತಿಯಲ್ಲಿ ಕೊಟ್ಟ ಬಿಳಿ ಸೂಟು ತೊಟ್ಟು, ಗಂಭೀರವಾಗಿ, ಕಟ್ಟೆಯ ನಾಲ್ಕು ಮೂಲೆ ಮತ್ತು ನಡುವಿನಿಂದ ಒಂದೊಂದು ಚಮಚ ತೆಗೆದರು. ಅಕ್ಕ ತನ್ನ ಒಂದೂವರೆ ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಡಬ್ಬಿಯ ಚೀಟಿಯ ಮೇಲೆ ಇಬ್ಬರೂ ರುಜು ಹಾಕಿದರು. ಮದುವೆಯ ಫೋಟೋ ಬಿಟ್ಟರೆ ಅವರಿಬ್ಬರು ಒಟ್ಟಿಗೆ ಇದ್ದ ಕಾಗದ ಅದೊಂದೇ.

ಎರಡು ದಿನದ ಮೇಲೆ, ಮಧ್ಯಾಹ್ನ, ಇಲಾಖೆಯ ಜೀಪು ನಮ್ಮ ಬೀದಿಗೆ ಬಂತು. ನಿಲ್ಲುವ ಮೊದಲೇ ಇವರು ಇಳಿದರು. ಕೈಯಲ್ಲಿ ಒಂದು ಹಾಳೆ, ಅದನ್ನು ಧ್ವಜದಂತೆ ಎತ್ತಿ ಹಿಡಿದಿದ್ದರು.

"ಬಂತು! ಕಾರ್ಖಾನೆಯ ಮಣ್ಣೇ ಅಂತ ಬಂತು! ಎಲ್ಲರೂ ಕೇಳಿ! ಹಿಂಭಾಗದ ಗುಂಡಿಯ ಮಣ್ಣೇ, ಅನುಮಾನವೇ ಇಲ್ಲ ಅಂತ ಬರೆದಿದ್ದಾರೆ!"

ಎದುರುಮನೆಯವರು ಹೊರಗೆ ಬಂದರು. ಬೀದಿ ಕೂಡಿತು. ಭಾವ ಜೀಪಿನ ಇನ್ನೊಂದು ಬಾಗಿಲಿನಿಂದ ನಿಧಾನವಾಗಿ ಇಳಿದರು. ಅವರ ಹಿಂದೆ ಮೇಡಂ ಇಳಿದರು. ಮೇಡಂ ಕೈಯಲ್ಲಿ ಹಳದಿ ಟೇಪಿನ ಸುರುಳಿ ಇತ್ತು.

"ನೀವು ಮೊದಲನೇ ಸಾಲು ಮಾತ್ರ ಓದಿದ್ರಿ," ಎಂದರು ಮೇಡಂ. "ಎರಡನೇದು ಓದಿ."

ಇವರು ಓದಿದರು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಆಮೇಲೆ ತುಟಿ ಮಾತ್ರ ಆಡಿಸುತ್ತಾ. ಸೀಸ ಇಷ್ಟು, ಕ್ರೋಮಿಯಂ ಇಷ್ಟು, ಮಿತಿಗಿಂತ ಒಂಬತ್ತು ಪಟ್ಟು. ಧ್ವಜ ಇಳಿಯಿತು.

"ಈ ಮಣ್ಣು ಯಾರದು?" ಎಂದರು ಮೇಡಂ.

ಬೀದಿಯಲ್ಲಿ ಉತ್ತರ ತಿಳಿಯದವರು ಯಾರೂ ಇರಲಿಲ್ಲ, ಆದರೆ ಆ ಕ್ಷಣದಲ್ಲಿ ಉತ್ತರವೇ ಮಗ್ಗುಲು ಬದಲಾಯಿಸಿತು.

"ಇವರದು," ಎಂದರು ಭಾವ, ಮೇಡಂಗೆ. "ಆರು ವರ್ಷದಿಂದ ಇವರೇ ಹೇಳ್ತಾ ಬಂದಿದ್ದಾರೆ. ನಾನೇ ತಿಳೀದೆ ವಾದ ಮಾಡಿದೆ. ನನ್ನದೇ ತಪ್ಪು. ಇವತ್ತೇ ಒಯ್ಯಲಿ."

"ಅದು ಹೇಗಾಗುತ್ತೆ?" ಎಂದರು ಇವರೂ ಮೇಡಂಗೇ. "ಯಾರ ಅಂಗಳದಲ್ಲಿದೆಯೋ ಅವರದು. ಆರು ವರ್ಷ ಮೇಲೆ ಕೂತು ಅನುಭವಿಸಿದವರು ಯಾರು? ಬೇಕಾದ್ರೆ ಬೀದಿಯವರನ್ನೇ ಕೇಳಿ."

"ಗೇಟ್ ಪಾಸ್ ಇವರ ಹೆಸರಲ್ಲಿದೆ ಮೇಡಂ. ತೋರಿಸಲಿ."

ಮೇಡಂ ಕಣ್ಣು ಅರಳಿತು. "ಪಾಸ್ ಇದೆಯಾ? ಕಾರ್ಖಾನೆಯವರು ಒಂದು ಬುಟ್ಟಿ ಮಣ್ಣೂ ಗೇಟು ದಾಟಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಇದ್ದದ್ದನ್ನ ಜನರೇ ಕದ್ದು ಒಯ್ದಿರಬೇಕು ಅಂತಾರೆ. ಮಣ್ಣು ಎಲ್ಲಿಯದು ಅಂತ ಪರೀಕ್ಷೆ ಹೇಳುತ್ತೆ, ಯಾರು ಕೊಟ್ಟರು ಅಂತ ಹೇಳಲ್ಲ. ಕಾಗದ ಇದ್ರೆ ಖರ್ಚು ಅವರ ಮೇಲೆ ಹಾಕಬಹುದು, ಇದು ಮೊದಲನೇ ಪಟ್ಟಿಗೆ ಹೋಗುತ್ತೆ, ಈ ತಿಂಗಳೇ ಅಗೆದು ಒಯ್ತೀವಿ. ಇಲ್ಲದಿದ್ರೆ ಎರಡನೇ ಪಟ್ಟಿ."

"ಎರಡನೇ ಪಟ್ಟಿ ಯಾವಾಗ?" ಎಂದಳು ಅಕ್ಕ.

"ಮೊದಲನೇದು ಮುಗಿದ ಮೇಲೆ. ವರ್ಷಗಳೇ ಆಗಬಹುದಮ್ಮ. ಅಲ್ಲೀವರೆಗೆ ಟೇಪು ಹಾಕಿರ್ತೀವಿ. ಯಾರೂ ಕಾಲಿಡೋ ಹಾಗಿಲ್ಲ."

ಎಲ್ಲರೂ ಇವರ ಕಡೆ ನೋಡಿದರು.

"ಯಾವ ಪಾಸು?" ಎಂದರು ಇವರು.

ಅತ್ತೆ ಬಾಗಿಲಿನಿಂದಲೇ ಹೇಳಿದರು: "ಯಾವ ಪಾಸಾ? ಜೋಗುಳದ ಬದಲು ಮಗಳಿಗೆ ಅದನ್ನೇ ಓದಿ ಮಲಗಿಸ್ತಿದ್ಯಲ್ಲೋ!"

"ಅದಾ... ಅದು ಇಲಿ ತಿಂತು," ಎಂದರು ಇವರು, ಮತ್ತು ಒಳಗೆ ನಡೆದರು. ಮೂರು ಟಬ್ಬುಗಳಲ್ಲಿ ಒಂದರಲ್ಲೂ ಕಾಲು ಅದ್ದಲಿಲ್ಲ.

ಆ ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದೆ. ಇವರು ಬಂದು ಪಕ್ಕದಲ್ಲಿ ನಿಂತು, ತೊಳೆದಿಟ್ಟ ಲೋಟವೊಂದನ್ನು ತೆಗೆದು ಮತ್ತೆ ತೊಳೆಯತೊಡಗಿದರು. "ಅದರಲ್ಲಿ ನನ್ನ ಹೆಸರಿದೆ," ಎಂದರು. "ನನ್ನ ಕೈಬರಹ, ನನ್ನ ರುಜು. ವಿಷ ಹೊರಗೆ ಕಳಿಸಿದವನು ನೀನೇನಾ ಅಂತ ಕೇಳ್ತಾರೆ. ಇಂಥವನನ್ನ ತೆಗೆಯೋ ಕೆಲಸಕ್ಕೆ ಇಟ್ಕೋತಾರಾ? ಕೆಲಸದ ಪಟ್ಟಿಯಿಂದ ಹೊಡೆದು ಹಾಕ್ತಾರೆ."

"ನಿಮಗೆ ಆಗ ಗೊತ್ತಿತ್ತಾ?"

"ನನಗೆ ತೂಕ ಮಾತ್ರ ಗೊತ್ತಿತ್ತು."

ಲೋಟ ಮೂರು ಸಲ ತೊಳೆದಾಗಿತ್ತು. ತೆಗೆದುಕೊಂಡು ಬೋರಲಾಗಿಟ್ಟೆ.

ಅಕ್ಕನ ಮನೆಯ ಮುಂಬಾಗಿಲು ತೆರೆಯುವುದು ಆ ಕಟ್ಟೆಯ ಮೇಲೇ. ಟೇಪು ಬಿದ್ದ ಮೇಲೆ ಅವರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಉಳಿದದ್ದು ಹಿತ್ತಿಲ ಗೋಡೆಯಲ್ಲಿ ನಾವು ಅಕ್ಕತಂಗಿಯರು ಬಳಸುತ್ತಿದ್ದ ಸಣ್ಣ ಬಾಗಿಲು. ಅಲ್ಲಿಂದ ನಮ್ಮ ಹಿತ್ತಿಲು, ಹಿತ್ತಿಲಿನಿಂದ ನಮ್ಮ ಅಡುಗೆಮನೆ, ನಡುಮನೆ, ಆಮೇಲೆ ಬೀದಿ. ಆರು ವರ್ಷದಿಂದ ನಮ್ಮ ಹೊಸ್ತಿಲು ತುಳಿಯದಿದ್ದ ಭಾವ ದಿನಕ್ಕೆ ಎಂಟು ಸಲ ನಮ್ಮ ಒಲೆಯ ಪಕ್ಕದಿಂದ ಹಾದುಹೋಗತೊಡಗಿದರು.

ನಡುಮನೆಯಲ್ಲಿ ಇವರು ಟೀ ಕುಡಿಯುತ್ತಾ ಕುಳಿತಿರುವರು. ಭಾವ ಗೋಡೆ ನೋಡಿಕೊಂಡು ಹಾಯುವರು. ಇವರು ಟೀ ಲೋಟದೊಳಗೆ ನೋಡುವರು. ಬಾಗಿಲಲ್ಲಿ ಭಾವ ಬೂಟನ್ನು ಮೂರೂ ಟಬ್ಬಿನಲ್ಲಿ ಕ್ರಮವಾಗಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಅಟ್ಟೆ ತೋರಿಸುವರು. ಇಡೀ ಬೀದಿಯಲ್ಲಿ ಆ ಟಬ್ಬುಗಳನ್ನು ಸರಿಯಾಗಿ ಬಳಸಿದವರು ಅವರೊಬ್ಬರೇ. ಒಂದು ದಿನ ಇವರ ಹೆಬ್ಬೆರಳು ತಾನಾಗಿಯೇ ಮೇಲೆ ಹೋಯಿತು. ಭಾವನ ಹೆಬ್ಬೆರಳೂ ಹೋಯಿತು. ಇಬ್ಬರೂ ತಮ್ಮ ತಮ್ಮ ಹೆಬ್ಬೆರಳುಗಳನ್ನು ನೋಡಿಕೊಂಡು, ಸರಕ್ಕನೆ ಕೆಳಗಿಳಿಸಿ, ಎರಡು ದಿನ ಸಿಟ್ಟಿನಲ್ಲಿದ್ದರು.

ಅಕ್ಕನೂ ಹಾಯುವಳು, ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು. ಮಗುವಿನ ರಕ್ತ ಪರೀಕ್ಷೆ ಮಾಡಿಸಿ ಎಂದು ಮೇಡಂ ಹೇಳಿದ್ದರು, ವರದಿ ಇನ್ನೂ ಬಂದಿರಲಿಲ್ಲ. ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ನಿಂತಳು. ನಾನು ಮಗುವಿಗೆ ಒಂದು ಚಮಚ ಕೊಟ್ಟೆ ಆಡಲಿ ಎಂದು.

"ಇವಳು ಅಂಬೆಗಾಲಿಟ್ಟದ್ದು ಆ ಕಟ್ಟೆ ಮೇಲೇ ಕಣೇ," ಎಂದಳು ಅಕ್ಕ. "ಒಂದು ಕಲ್ಲೂ ಇಲ್ಲ, ನುಣ್ಣಗಿದೆ ಅಂತ ನಾನೇ ತಂದು ಬಿಡ್ತಿದ್ದೆ. ಕೈ ಬಾಯಿಗೆ ಹಾಕ್ಕೊಂಡ್ರೆ ನಗ್ತಿದ್ದೆ."

ನಡುಮನೆಯಲ್ಲಿ ಟೀ ಲೋಟ ಕೆಳಗಿಟ್ಟ ಸದ್ದಾಯಿತು.

ಹನ್ನೆರಡನೆಯ ದಿನ ಬೆಳಗ್ಗೆ ಅಗೆಯುವ ಮನೆಗಳ ಪಟ್ಟಿ, ಕೆಲಸದ ಪಟ್ಟಿ ಎರಡನ್ನೂ ಬರೆಯಲು ಹಿರಿಯ ಅಧಿಕಾರಿಯೊಬ್ಬರು ಬಂದರು. ನಮ್ಮ ಬೀದಿಯ ನಡುವೆಯೇ ಮೇಜು ಹಾಕಿ ಕುಳಿತರು. ಪಕ್ಕದಲ್ಲಿ ಮೇಡಂ. ತರಬೇತಿಯ ಇಪ್ಪತ್ತು ಜನ ಕೊರಳಲ್ಲಿ ಬ್ಯಾಡ್ಜು ಹಾಕಿಕೊಂಡು ಸಾಲಾಗಿ ನಿಂತರು. ಉಳಿದ ಊರು ಅವರ ಹಿಂದೆ ನಿಂತಿತು. ಕಲುಷಿತ ಮಣ್ಣಿರುವುದು ಭಾವನ ಮನೆಯಲ್ಲೊಂದೇ ಎಂದು ಊರು ನಂಬಿತ್ತು, ಆದ್ದರಿಂದ ಎಲ್ಲರಿಗೂ ಬಹಳ ಕನಿಕರವಿತ್ತು.

"ಅಯ್ಯೋ ಪಾಪ," ಎಂದರು ಎದುರುಮನೆಯವರು, ತಮ್ಮ ಎತ್ತರದ ಅಂಗಳದಲ್ಲಿ ನಿಂತು. "ನೋಡಿ ತರಬೇಕಿತ್ತು."

"ಹದಿನೆಂಟನೇ ನಂಬರ್," ಎಂದರು ಅಧಿಕಾರಿ. "ಕಾಗದ ಏನಾದ್ರೂ ಇದೆಯಾ? ಇಲ್ಲ ಅಂದ್ರೆ ಎರಡನೇ ಪಟ್ಟಿಗೆ ಬರೀತೀನಿ." ಪೆನ್ನಿನ ಮುಚ್ಚಳ ತೆಗೆದರು.

ಇವರು ಸಾಲಿನಿಂದ ಹೊರಗೆ ಬಂದರು. ಅಂಗಿಯ ಒಳಗಿನಿಂದ ಒಂದು ಪೊಟ್ಟಣ ತೆಗೆದರು. ಮೊದಲನೆಯ ಕವರು ಬಿಚ್ಚಿದರು. ಎರಡನೆಯ ಕವರು ಬಿಚ್ಚಿದರು. ಮೂರನೆಯದರ ಗಂಟು ಬಿಡಿಸಲಾಗದೆ ಹಲ್ಲಿನಿಂದ ಕಡಿದರು. ಅಧಿಕಾರಿ ಪೆನ್ನನ್ನು ಹಾಗೆಯೇ ಹಿಡಿದು ಕಾದರು.

"ಇಲಿ ವಾಪಸ್ಸು ಕೊಡ್ತಾ?" ಎಂದರು ಅತ್ತೆ.

ಇವರು ಕಾಗದವನ್ನು ಮೇಜಿನ ಮೇಲೆ ಹರಡಿದರು. "ಈ ಮಣ್ಣು ನನ್ನದು," ಎಂದರು. ಆರು ವರ್ಷದಲ್ಲಿ ಸಾವಿರ ಸಲ ಹೇಳಿದ ಮಾತು. "ಬರೆದವನೂ ನಾನೇ. ಮೊದಲೇ ಹೇಳಬೇಕಿತ್ತು." ಕೊರಳಿನಿಂದ ಬ್ಯಾಡ್ಜು ತೆಗೆದು ಕಾಗದದ ಪಕ್ಕ ಇಟ್ಟರು. ಅದನ್ನು ನೇರವಾಗಿ ಜೋಡಿಸಿಯೂ ಇಟ್ಟರು.

ಅಧಿಕಾರಿ ಪಾಸನ್ನು ಎತ್ತಿ ಬೆಳಕಿಗೆ ಹಿಡಿದರು. ಕಾರ್ಖಾನೆಯ ಮೊಹರು, ವ್ಯವಸ್ಥಾಪಕರ ರುಜು, 'ಹಿಂಭಾಗದ ಗುಂಡಿಯ ಮಣ್ಣು' ಎಂಬ ಸ್ಪಷ್ಟ ಅಕ್ಷರ. "ಇಂಥದೊಂದು ಕಾಗದಕ್ಕೆ ಎರಡು ವರ್ಷದಿಂದ ಹುಡುಕ್ತಿದ್ದೀವಿ," ಎಂದರು. "ಎಲ್ಲೂ ಒಂದು ಚೂರೂ ಸಿಕ್ಕಿರಲಿಲ್ಲ. ನೀವು ಹೇಗೆ ಇಷ್ಟು ಜೋಪಾನ ಮಾಡಿದ್ರಿ?"

ಭಾವ ಆಕಾಶ ನೋಡಿದರು.

ಅಧಿಕಾರಿ ಕಾಗದವನ್ನು ಇನ್ನೂ ಹತ್ತಿರ ಹಿಡಿದರು. "ಮೂಲೆಯಲ್ಲಿ ನಲವತ್ತೊಂದು ಅಂತಿದೆಯಲ್ಲ, ಏನದು?"

"ಲೋಡಿನ ನಂಬರು ಸಾರ್. ಇದು ಕಡೇದು."

"ಅಂದ್ರೆ ಇದಕ್ಕೆ ಮುಂಚಿನ ನಲವತ್ತು?"

ಕನಿಕರದಿಂದ ನಿಂತಿದ್ದ ಊರು ಒಟ್ಟಾಗಿ ತಲೆ ತಗ್ಗಿಸಿ ತಾನು ನಿಂತ ನೆಲವನ್ನು ನೋಡಿತು. ಎದುರುಮನೆಯವರು ತಮ್ಮ ಎತ್ತರದ ಅಂಗಳದಿಂದ ಮೆಲ್ಲಗೆ ರಸ್ತೆಗೆ ಇಳಿದರು. ಅಂಚೆಯಾಕೆ ಒಂದು ಕಾಲು ಎತ್ತಿದಳು, ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ನಿಂತಳು.

"ಯಾರ್‍ಯಾರಿಗೆ ಹೋಯ್ತು, ನೆನಪಿದೆಯಾ?" ಎಂದರು ಮೇಡಂ.

"ತೂಕ ಸಮೇತ ನೆನಪಿದೆ ಮೇಡಂ," ಎಂದರು ಇವರು. "ಆದರೆ ಯಾವ ಮನೆಯ ಯಾವ ಮೂಲೆಗೆ ಸುರಿದರು ಅನ್ನೋದು ನನಗೆ ಗೊತ್ತಿಲ್ಲ. ಅದು ಗೊತ್ತಿರೋದ್..." ಹೆಸರು ಹೇಳುವಂತಿಲ್ಲ, ತೋರಿಸುವಂತಿಲ್ಲ. ಕೊನೆಗೆ ಕೈ ತಲೆಯ ಮೇಲಿಟ್ಟರು. ಸಹಾಯ ಬೇಕು.

ಸಾಲಿನಿಂದ ಭಾವ ಹೊರಗೆ ಬಂದರು. "ನನಗೆ ಗೊತ್ತು," ಎಂದರು, ಮೇಡಂಗೆ.

ಮೇಡಂ ಬ್ಯಾಡ್ಜನ್ನು ಎತ್ತಿ ಇವರ ಕೊರಳಿಗೆ ತಾವೇ ಹಾಕಿದರು. "ನಿಮ್ಮಿಬ್ಬರನ್ನ ಬಿಟ್ಟರೆ ಈ ಕೆಲಸ ಶುರು ಮಾಡೋಕೇ ಆಗಲ್ಲ," ಎಂದರು. "ಮೊದಲನೇ ಜೋಡಿ ಇದೇ ಅಂತ ಬರ್ಕೊಳ್ಳಿ ಸಾರ್." ಅಧಿಕಾರಿ ಬರೆದುಕೊಂಡರು. ಅವರು ಬರೆಯುತ್ತಿರುವಾಗ ಇವರು ಸುಮ್ಮನೆ ಮೇಜಿನ ತೂಕ ಅಂದಾಜು ಮಾಡುತ್ತಿದ್ದರು ಎಂದು ಆಮೇಲೆ ನನಗೆ ಹೇಳಿದರು. ಹಾಗೆ ಮಾಡದಿದ್ದರೆ ಅಳು ಬರುತ್ತಿತ್ತಂತೆ.

ಮಗುವಿನ ವರದಿ ಆ ವಾರವೇ ಬಂತು, ಏನೂ ಇಲ್ಲ ಎಂದು. ಅಕ್ಕನೂ ನಾನೂ ಅದನ್ನು ಎರಡನೆಯ ಸಾಲಿನವರೆಗೂ, ಕೊನೆಯ ಸಾಲಿನವರೆಗೂ ಓದಿದೆವು.

ಮೊದಲು ಅಗೆದದ್ದು ಭಾವನ ಕಟ್ಟೆಯನ್ನೇ. ಒಂದೂವರೆ ಅಡಿ ಎತ್ತರದ ಆ ಗರ್ವವನ್ನು ಭಾವ ತಮ್ಮ ಕೈಯಾರೆ ಸಲಿಕೆಯಲ್ಲಿ ತೆಗೆದರು, ಇವರು ಡ್ರಮ್ಮಿಗೆ ತುಂಬಿದರು. ಪ್ರತಿ ಡ್ರಮ್ಮನ್ನೂ ತೂಗಿ, ಚೀಟಿಯಲ್ಲಿ 'ಮಾಲೀಕರು' ಎಂಬಲ್ಲಿ ತಮ್ಮ ಹೆಸರನ್ನು ದುಂಡಗೆ ಬರೆದು ಅಂಟಿಸಿದರು. ಆರು ವರ್ಷದ ಮೇಲೆ ಇವರ ಮಣ್ಣು ಇವರಿಗೆ ಸಿಕ್ಕಿತು. ಡ್ರಮ್ಮುಗಳನ್ನು ಒಯ್ಯಲು ಲಾರಿ ಬಂತು.

ಭಾವನ ಕಡೆಯ ಓಣಿಯನ್ನು ಅಗೆತಕ್ಕೆಂದು ಮುಚ್ಚಿದ್ದರು. ಲಾರಿ ನಮ್ಮ ಓಣಿಯಿಂದಲೇ ಹಿಂದಕ್ಕೆ ಬರಬೇಕಿತ್ತು. ಚಾಲಕ ಇಳಿದು, ನೋಡಿ, ತಲೆ ಕೆರೆದುಕೊಂಡ. "ಇಲ್ಲಿ ತಿರುಗಲ್ಲ ಸಾರ್."

ನಾನೂ ಅಕ್ಕನೂ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಭಾವ ಲಾರಿ ಹತ್ತಿದರು. ಇವರು ಹಿಂದೆ ಹೋಗಿ ನಿಂತರು. ಬಿಳಿ ಸೂಟಿನ ಕೈ ಎಡಕ್ಕೆ ಆಡಿತು, ಬಲಕ್ಕೆ ಆಡಿತು, ಅಂಗೈ ಬಾ ಬಾ ಎಂದಿತು. ಅಷ್ಟು ದೊಡ್ಡ ಲಾರಿ, ನಮ್ಮ ಗೇಟಿಗೂ ತಾಗದೆ, ಗೇಣು ಅಂತರದಲ್ಲಿದ್ದ ನಲ್ಲಿಗೂ ತಾಗದೆ, ಒಂದೇ ಸುತ್ತಿಗೆ ತಿರುಗಿ ನಿಂತಿತು.

ಭಾವ ಎಂಜಿನ್ ಆರಿಸಿ ಕೆಳಗಿಳಿದರು. ಇಬ್ಬರೂ ಎದುರುಬದುರಾಗಿ ನಿಂತರು, ಲಾರಿ ಅವರ ಪಕ್ಕದಲ್ಲಿ ಸಾಕ್ಷಿಯಂತೆ ನಿಂತಿತ್ತು. ಭಾವ ಮಾಸ್ಕನ್ನು ಕೆಳಗೆಳೆದರು. ಮುಖ ಕೆಂಪಾಗಿತ್ತು.

"ಆವತ್ತೂ ತಿರುಗ್ತಿತ್ತು," ಎಂದರು.

ಆರು ವರ್ಷದಿಂದ ಇವರು ಈ ಒಂದು ಮಾತಿಗಾಗಿ ಕಾದಿದ್ದರು. ಇದು ಬಂದ ದಿನ ಏನೇನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದನ್ನು ನಾನೇ ಕೇಳಿದ್ದೇನೆ. ಅದು ಸುಮಾರು ಇಪ್ಪತ್ತು ನಿಮಿಷದ ಭಾಷಣ. ಇವರು ಉಸಿರು ಎಳೆದುಕೊಂಡರು. ತೆರೆದಿದ್ದ ಗುಂಡಿಯಿಂದ ಗಾಳಿಗೆ ಸಣ್ಣಗೆ ನೇರಳೆ ಧೂಳು ಏಳುತ್ತಿತ್ತು.

"ಭಾವ," ಎಂದರು. "ಮೊದಲು ಮಾಸ್ಕ್ ಹಾಕ್ಕೊಳ್ಳಿ."

ಭಾವ ಹಾಕಿಕೊಂಡರು. ಹೆಬ್ಬೆರಳು ಎತ್ತಿದರು.

"ಏನಂದ್ರು ಕಣೇ?" ಎಂದಳು ಅಕ್ಕ, ಕಿಟಕಿಯ ಸರಳು ಹಿಡಿದು. "ನಮ್ಮೋರಿಗೆ ಏನಾದ್ರೂ ಹೇಳಬೇಕಾ ನಾನು?"

"ಬೇಡ," ಎಂದೆ. "ಅವರೇ ಹೇಳ್ಕೊಂಡ್ರು."

ಹೀಗೆ ಆ ಬೆಳಗ್ಗೆ ಎರಡೂ ಮನೆಯ ಗಂಡಸರಿಗೆ ಕೆಲಸ ಶುರುವಾಯಿತು, ನಮಗಿಬ್ಬರಿಗೂ ಇದ್ದ ಕೆಲಸ ಹೋಯಿತು. ನಾನು ಹೋಗಿ ಮೂರೂ ಟಬ್ಬುಗಳಲ್ಲಿ ಬಟ್ಟೆ ನೆನೆಸಿದೆ.